ಹಿಂಬದಿ ಉಜ್ಜಬೇಡಿ

ಜಿನೆತ್ ಎಸ್ಪೋಸಿತೊಗೆ ತನ್ನ ಅಪ್ಪನ ಕೈಯ ಗುರುತು ಎನ್ನುವಂಥದ್ದು ಒಂದೂ ಇರಲಿಲ್ಲ. ಪತ್ರವಿಲ್ಲ, ಸಹಿಯಿಲ್ಲ. ಸಾವ್ಯೂರ್ ಎಸ್ಪೋಸಿತೊ ಬರೆಯಲು ಕಲಿತವನಲ್ಲ. ಮಾರ್ಸೇಯ ಸಮುದ್ರದ ತಳದಿಂದ ಕೆಂಪು ಹವಳ ಕಿತ್ತು ತರುವುದು ಅವನ ಕೆಲಸ. ಸಹಿ ಬೇಕಾದ ಕಡೆಯೆಲ್ಲ ಹೆಂಡತಿ ಹಾಕುತ್ತಿದ್ದಳು. ೧೯೬೮ರ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಮುಳುಗಿದವನು ಮೇಲೆ ಬರಲಿಲ್ಲ. ಹೆಣವೂ ಸಿಗಲಿಲ್ಲ. ಆಗ ಮಗಳಿಗೆ ಏಳು ವರ್ಷ.

ಇದು ನನಗೆ ಗೊತ್ತಾದದ್ದು ಅವಳು ಬರೆದ ಪತ್ರದಿಂದ. ಅವಳ ಅಪ್ಪನ ಕೈಗಡಿಯಾರ ನನ್ನ ಹತ್ತಿರ ಇತ್ತು.

ನಾನು ಬೆಸಾನ್ಸೋನಿನವನು, ಹೆಸರು ರೆಜಿಸ್. ನಮ್ಮೂರಿನಲ್ಲಿ ಯಾರ ಮನೆಯಲ್ಲಿ ಕೇಳಿದರೂ ಒಬ್ಬರಾದರೂ ಗಡಿಯಾರದ ಕಾರ್ಖಾನೆಯಲ್ಲಿ ದುಡಿದವರು ಸಿಗುತ್ತಾರೆ. ನಮ್ಮ ಮನೆಯಲ್ಲಿ ಯೂಗೆತ್ ಅತ್ತೆ. ಹದಿನೈದನೇ ವಯಸ್ಸಿಗೆ ಸೇರಿದವಳು, ಕಾರ್ಖಾನೆ ಬಾಗಿಲು ಹಾಕುವ ತನಕ ಮೂವತ್ತೆಂಟು ವರ್ಷ ಪಾಲಿಶ್ ವಿಭಾಗದಲ್ಲಿದ್ದಳು. ಉಕ್ಕಿನ ಕವಚವನ್ನು ತಿರುಗುವ ಚಕ್ರಕ್ಕೆ ಒತ್ತಿ ಹಿಡಿದು ಕನ್ನಡಿಯಂತೆ ಮಾಡುವುದು ಅವಳ ಕೆಲಸ. ಒತ್ತಿ ಒತ್ತಿ ಅವಳ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿದೆ. ಅಪ್ಪ ಅಮ್ಮ ಬೇರೆಯಾದ ಮೇಲೆ ನಾನು ಬೆಳೆದದ್ದು ಬತಾನ್ ಬೀದಿಯ ಅವಳ ಮನೆಯಲ್ಲಿ. ಇಪ್ಪತ್ತಾರು ತುಂಬಿದರೂ ಅಲ್ಲೇ ಇದ್ದೆ. ಹಗಲು ಉಪಕರಣಗಳ ಗೋದಾಮಿನಲ್ಲಿ ಗುಮಾಸ್ತ. ಉಳಿದ ಹೊತ್ತು, ಉಳಿದ ಸಂಬಳ ಎಲ್ಲ ಹಳೆಯ ವಾಚುಗಳಿಗೆ.

ಎಲ್ಲ ವಾಚುಗಳಿಗೂ ಅಲ್ಲ. ಐವತ್ತು, ಅರವತ್ತರ ದಶಕದಲ್ಲಿ ನಮ್ಮ ಕಡೆ ತಯಾರಾದ ಆಟೋಟದ ವಾಚುಗಳಿಗೆ ಮಾತ್ರ. ಮುಳುಗುಗಾರರದ್ದು, ಹಾಯಿದೋಣಿ ಪಂದ್ಯದವರದ್ದು, ಕಾರು ಓಡಿಸುವವರದ್ದು, ಹಿಮದಲ್ಲಿ ಜಾರುವವರದ್ದು. ನನ್ನಂಥವರು ದೇಶದ ತುಂಬ ಇದ್ದಾರೆ. ವರ್ಷಕ್ಕೆ ನಾಲ್ಕು ಸಲ ಯಾವುದಾದರೂ ಊರಿನಲ್ಲಿ ಸೇರಿ, ತಂದ ವಾಚುಗಳನ್ನು ಮೇಜಿನ ಮೇಲೆ ಹರಡಿ, ಒಬ್ಬರ ಮಾಲಿಗೆ ಇನ್ನೊಬ್ಬರು ಹೊಟ್ಟೆ ಉರಿದುಕೊಳ್ಳುತ್ತಾರೆ. ನಮ್ಮಲ್ಲಿ ಒಂದು ವಾಚಿಗೆ ಕೊಡುವ ದೊಡ್ಡ ಮರ್ಯಾದೆಯ ಮಾತು 'ಉಜ್ಜಿಲ್ಲ' ಎನ್ನುವುದು. ಅಂಚು ಹರಿತವಾಗಿರಬೇಕು, ಗೀರು ಗೀರಾಗಿಯೇ ಇರಬೇಕು. ಪಾಲಿಶ್ ಮಾಡಿಸಿದ ವಾಚನ್ನು ಮೂಸಿಯೂ ನೋಡುವುದಿಲ್ಲ.

ಅಂದರೆ ನನ್ನ ಅತ್ತೆ ಬದುಕಿಡೀ ಮಾಡಿದ ಕೆಲಸಕ್ಕೆ ನಮ್ಮ ಭಾಷೆಯಲ್ಲಿ ಹಾಳು ಎಂದು ಹೆಸರು. ಇದನ್ನು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಅವಳ ಮನೆಯಲ್ಲಿ, ಅವಳ ಸೂಪು ಕುಡಿದುಕೊಂಡು, ಅವಳ ಮುಖಕ್ಕೆ ಹೇಳುವುದು ಹೇಗೆ ಎಂದು ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಮಟ್ಟಿಗೆ ಅದು ದೊಡ್ಡತನ ಅಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ, ಕಾರ್ಖಾನೆಯ ಹಳೆಯ ಮೇಸ್ತ್ರಿಯ ವಿಧವೆ ಮನೆ ಖಾಲಿ ಮಾಡುವಾಗ ಒಂದು ಮೇಜಿನ ಡ್ರಾಯರನ್ನು ಹಾಗೇ ನನಗೆ ಮಾರಿದಳು. ರಿಪೇರಿಗೆ ಬಂದು, ಯಾರೂ ವಾಪಸು ಕೇಳದೆ ಉಳಿದ ವಾಚುಗಳು ಅದರಲ್ಲಿದ್ದವು. ಹೆಚ್ಚಿನವು ಕಸ. ಒಂದು ಮಾತ್ರ ಮುಳುಗುಗಾರರ ವಾಚು, ೧೯೬೧ರದ್ದು, ಕಪ್ಪು ಮುಖ, ಕೆನೆಬಣ್ಣಕ್ಕೆ ತಿರುಗಿದ ಅಂಕಿಗಳು. ರಿಪೇರಿ ಮುಗಿದಿತ್ತು. ಕೀ ಕೊಟ್ಟ ಕೂಡಲೇ ಓಡಿತು. ಅದರ ಪಟ್ಟಿ ಸಿಕ್ಕಿಸುವ ಕಿವಿಗೆ ದಾರದಿಂದ ಒಂದು ರಟ್ಟಿನ ಚೀಟಿ ಕಟ್ಟಿತ್ತು. ಹೆಂಗಸಿನ ದುಂಡಕ್ಷರ: ಎಸ್ಪೋಸಿತೊ, ಲೆ ಗೂದ್, ಮಾರ್ಸೇ. ನಿಧಾನ ಓಡುತ್ತಿದೆ. ಕೆಳಗೆ ಎರಡು ಗೆರೆ ಎಳೆದು: ಹಿಂಬದಿ ಉಜ್ಜಬೇಡಿ.

ಮನೆಗೆ ತಂದು ಮೊದಲು ಮಾಡಿದ ಕೆಲಸವೆಂದರೆ ಆ ಚೀಟಿಯನ್ನು ಬಿಚ್ಚಿದ್ದು. ದಾರ ಉಕ್ಕಿಗೆ ತಾಗಿ ಗುರುತು ಬೀಳುತ್ತದೆ, ರಟ್ಟು ಮಡಚುತ್ತದೆ. ಹಳೆಯ ಕಾಗದ ಜೊತೆಗಿದ್ದರೆ ವಾಚಿಗೆ ತೂಕ ಹೆಚ್ಚು, ಆದ್ದರಿಂದ ಕಾಗದವನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಚಪ್ಪಟೆಯಾಗಿ ಇಡಬೇಕು. ನಾವೆಲ್ಲ ಹಾಗೇ ಮಾಡುತ್ತೇವೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಯಂತ್ರದ ನಂಬರು, ಕವಚದ ನಂಬರು, ಮುಳ್ಳುಗಳ ಆಕಾರ, ಗಾಜಿನ ದಪ್ಪ ಬರೆದುಕೊಂಡೆ. 'ಹಿಂಬದಿ' ಎಂಬಲ್ಲಿ 'ಗೀರುಗಳಿವೆ' ಎಂದು ಬರೆದೆ. ಮುಖದ ಫೋಟೊ ನಾಲ್ಕು ತೆಗೆದೆ. ಹಿಂಬದಿಯದ್ದು ಒಂದೂ ಇಲ್ಲ.

ಆ ವಿಳಾಸಕ್ಕೆ ಪತ್ರ ಬರೆದದ್ದು ಈ ಚಳಿಗಾಲದಲ್ಲಿ, ತೊಂಬತ್ತೈದರ ಜನವರಿಯಲ್ಲಿ. ಕತೆಯಿರುವ ವಾಚಿಗೆ ಬೆಲೆ ಬೇರೆ, ಅದಕ್ಕೇ ಬರೆದೆ. ಸುಳ್ಳು ಹೇಳಿ ಏನಾಗಬೇಕು. ಹದಿನೈದು ದಿನಕ್ಕೆ ಜಿನೆತ್‌ಳ ಉತ್ತರ ಬಂತು.

"ಹಿಂಬದಿಯಲ್ಲಿರುವುದು ಗೀರಲ್ಲ, ಗೆರೆ. ಅರವತ್ತು ಮೀಟರಿಗಿಂತ ಕೆಳಗೆ ಹೋಗಿ ಜೀವಂತ ಬಂದ ದಿನ ಅಪ್ಪ ಅಡುಗೆಮನೆಯ ಮೇಜಿನ ಮೇಲೆ ವಾಚನ್ನು ಮಗುಚಿ ಹಾಕಿ, ಅರದ ತುದಿಯಿಂದ ಒಂದು ಗೆರೆ ಎಳೆಯುತ್ತಿದ್ದ. ಅವನು ಕೈಯಾರೆ ಬರೆದದ್ದು ಈ ಲೋಕದಲ್ಲಿ ಅಷ್ಟೇ. ಎಷ್ಟಿವೆ ಅಂತ ನನಗೆ ಬರೆಯಬೇಡಿ. ತನ್ನಿ. ನಾನೇ ಎಣಿಸುತ್ತೇನೆ."

ಮೇ ತಿಂಗಳ ಭಾನುವಾರವೊಂದಕ್ಕೆ ಮಾರ್ಸೇಯಲ್ಲಿ ನಮ್ಮವರ ಸಭೆ ಇತ್ತು. ಶನಿವಾರವೇ ಹೋಗಿ ಅವಳನ್ನು ಕಾಣುತ್ತೇನೆಂದು ಬರೆದೆ. ವಾಚು ಅವಳಿಗೆ ಕೊಡಲು ಹೊರಟಿದ್ದೆನೇ ಎಂದರೆ ಇಲ್ಲ. ಅವಳು ಎಣಿಸಲಿ, ಅಳಲಿ, ಬೇಕಾದರೆ ಕೈಯಲ್ಲಿ ಹಿಡಿದ ಒಂದು ಫೋಟೊ ತೆಗೆಯೋಣ, ಭಾನುವಾರ ಮೇಜಿನ ಮೇಲೆ ವಾಚಿನ ಪಕ್ಕ ಅದನ್ನು ಇಡೋಣ ಎಂದಿದ್ದೆ.

ಗುರುವಾರ ಸಂಜೆ ಏಳು ವಾಚುಗಳನ್ನು ಚರ್ಮದ ಸುರುಳಿಯ ಏಳು ಜೇಬಿಗೆ ತುಂಬಿ, ಅತ್ತೆಯ ಅಡುಗೆಮನೆಯ ಮೇಜಿನ ಮೇಲಿಟ್ಟೆ. ನನ್ನ ಕೋಣೆಯ ಕಿಟಕಿಯ ಚಿಲಕ ಕೆಟ್ಟಿತ್ತು, ಅಲ್ಲಿಡಲು ಧೈರ್ಯ ಬರಲಿಲ್ಲ. ಶುಕ್ರವಾರ ಎಂದಿನಂತೆ ಗೋದಾಮಿಗೆ ಹೋದೆ.

"ಒಟ್ಟು ಎಷ್ಟು ಜನರ ಮುಂದೆ ಇಡ್ತೀಯೋ ಇವನ್ನ?" ಅಂದು ರಾತ್ರಿ ಊಟಕ್ಕೆ ಕೂತಾಗ ಅತ್ತೆ ಕೇಳಿದಳು.

"ಇನ್ನೂರು ಜನ ಬರಬಹುದು."

"ಇನ್ನೂರು!" ಎಂದಳು. "ನಮ್ಮ ಕಾರ್ಖಾನೆ ಮಾಲು ಅಂತ ಹೇಳ್ತೀಯ ತಾನೆ?"

"ಹೇಳ್ತೀನಿ."

ಅವಳು ನಗುತ್ತ ಇನ್ನೊಂದು ಸೌಟು ಸೂಪು ಹಾಕಿದಳು. ಆ ನಗೆ ಯಾಕೆ ಎಂದು ನಾನು ಯೋಚಿಸಲಿಲ್ಲ.

ಶನಿವಾರ ಆರೂ ಮುಕ್ಕಾಲರ ರೈಲು. ವಾಚುಗಳ ಜೊತೆ ಪ್ರಯಾಣ ಮಾಡುವವರಿಗೆ ಕೆಲವು ಚಾಳಿಗಳಿವೆ. ಸುರುಳಿಯನ್ನು ಮೇಲಿನ ಸಾಮಾನು ಹಲಗೆಗೆ ಇಡುವುದಿಲ್ಲ, ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಳ್ಳುತ್ತೇವೆ. ಶೌಚಾಲಯಕ್ಕೂ ಜೊತೆಗೇ ಒಯ್ಯುತ್ತೇವೆ. ಎಲ್ಲಿದ್ದರೂ ಬೆಳಿಗ್ಗೆ ಎಂಟಕ್ಕೆ ಎಲ್ಲಕ್ಕೂ ಕೀ ಕೊಡುತ್ತೇವೆ. ಲೋನ್ ನಿಲ್ದಾಣ ದಾಟಿದ ಮೇಲೆ ಎಂಟಾಯಿತು. ಎದುರು ಸೀಟಿನಲ್ಲಿ ಒಬ್ಬ ಮುದುಕಿ ನಿದ್ದೆ ಮಾಡುತ್ತಿದ್ದಳು. ತೊಡೆಯ ಮೇಲೆ ಸುರುಳಿ ಬಿಚ್ಚಿದೆ.

ಏಳೂ ಹೊಳೆಯುತ್ತಿದ್ದವು.

ಹಾಯಿದೋಣಿಯ ವಾಚಿನ ಅಂಚು ಸೋಪಿನ ಬಿಲ್ಲೆಯಂತೆ ಗುಂಡಾಗಿತ್ತು. ಕಾರು ಪಂದ್ಯದ ವಾಚಿನ ಕಿವಿಗಳು ತೆಳ್ಳಗಾಗಿದ್ದವು. ಒಂದೊಂದನ್ನೂ ತೆಗೆದು ನೋಡಿದೆ. ಆರೂ ಹಾಗೇ. ಆರು ವರ್ಷದ ಸಂಬಳ, ಚಳಿಯಲ್ಲಿ ಸಂತೆ ಸುತ್ತಿದ ಭಾನುವಾರಗಳು. ಏಳನೆಯದು ಮುಳುಗುಗಾರರ ವಾಚು. ತೆಗೆದು ಮಗುಚಿದೆ.

ಅಂಚಿನ ಸುತ್ತ ಆಳವಾಗಿ ಕೊರೆದ ಕಾರ್ಖಾನೆಯ ಹೆಸರು ಹಾಗೇ ಇತ್ತು. ಅದು ಮಾಸದಂತೆ ಅತ್ತೆ ಸುತ್ತ ಕೈ ತಪ್ಪಿಸಿ ಉಜ್ಜಿದ್ದಳು. ಮಧ್ಯದ ಖಾಲಿ ಜಾಗ ಕನ್ನಡಿ. ಅದರಲ್ಲಿ ನನ್ನ ಮೂಗು ಕಂಡಿತು. ವಾಲಿಸಿ ನೋಡಿದೆ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಭೂತಗನ್ನಡಿ ಹಾಕಿ ನೋಡಿದೆ. ಒಂದು ಗೆರೆಯ ನೆರಳೂ ಇರಲಿಲ್ಲ. ಕೆಲಸ ಅಷ್ಟು ಚೆನ್ನಾಗಿತ್ತು.

"ಥೂ!" ಅಂದೆ. ಎದುರಿನ ಮುದುಕಿ ಎಚ್ಚೆತ್ತು ತನ್ನ ಕೈಚೀಲವನ್ನು ಅಪ್ಪಿಕೊಂಡಳು.

ಲಿಯೋನ್‌ನಲ್ಲಿ ಗಾಡಿ ಬದಲಿಸಬೇಕು, ನಲವತ್ತು ನಿಮಿಷ ಇತ್ತು. ಫೋನ್ ಗೂಡಿಗೆ ನುಗ್ಗಿದೆ. ಮೊದಲ ಗಂಟೆಗೇ ಅತ್ತೆ ಎತ್ತಿದಳು.

"ಆಗಲೇ ತಲುಪಿದೆಯಾ?"

"ಅತ್ತೆ, ಏನು ಮಾಡಿದೆ ನೀನು?"

"ನೋಡಿಬಿಟ್ಯಾ! ಅಯ್ಯೋ, ಅಲ್ಲಿ ಹೋಗಿ ಬಿಚ್ಚಲಿ ಅಂತ ಇದ್ದೆ ಕಣೋ." ಅವಳಿಗೆ ಖುಷಿ ತಡೆಯಲಾಗುತ್ತಿರಲಿಲ್ಲ. "ಇನ್ನೂರು ಜನರ ಮುಂದೆ ಆ ಕೊಳಕು ಹಿಡಿದುಕೊಂಡು ಹೋಗ್ತಿದ್ದೆಯಲ್ಲ. ನಮ್ಮ ಕಾರ್ಖಾನೆ ಮಾಲು ಅಂತ ಬೇರೆ ಹೇಳ್ತೀಯ. ನೆಲಮಾಳಿಗೆಗೆ ಹೋಗಿ ಮೋಟಾರು ಹಾಕಿದೆ. ಹನ್ನೆರಡು ವರ್ಷದ ಮೇಲೆ! ಕೈ ಮರೆತಿಲ್ಲ ನೋಡು. ಆ ಕಪ್ಪು ಮುಖದ್ದಿದೆಯಲ್ಲ, ಅದರ ಹಿಂಬದಿ ಕೋಳಿ ಕೆದರಿದ ಹಾಗಿತ್ತು, ಅದೊಂದಕ್ಕೇ ಎರಡು ಗಂಟೆ ಹಿಡೀತು."

"ಹಾಳು ಮಾಡಿದೆ."

"ಏನು?"

"ಹಾಳು ಮಾಡಿದೆ ಅಂದೆ! ಏಳೂ! ಉಜ್ಜಿದ ವಾಚನ್ನ ಯಾರೂ ಮುಟ್ಟಲ್ಲ ಅತ್ತೆ. ನೀನು ಮೂವತ್ತೆಂಟು ವರ್ಷ ಮಾಡಿದ್ದನ್ನ ನಾವು ಹಾಳು ಅಂತೀವಿ. ಗೊತ್ತಾಯ್ತಾ? ಆ ಕೋಳಿ ಕೆದರಿದ್ದು ಒಬ್ಬ ಸತ್ತವನ ಕೈಗೆರೆ. ಅವನ ಮಗಳು ಅದನ್ನ ನೋಡೋಕೆ ಕಾಯ್ತಾ ಕೂತಿದ್ದಾಳೆ."

ಆಮೇಲೆ ಅವಳ ಧ್ವನಿ ಬೇರೆಯಾಗಿತ್ತು.

"ಚೀಟಿ ಎಲ್ಲಿತ್ತು?"

"ಯಾವ ಚೀಟಿ?"

"ಚೀಟಿ ಕಣೋ, ಚೀಟಿ. ಹೆಂಡತಿ ಹೆಸರು ಕೆತ್ತಿಸಿಕೊಂಡವರು, ಯುದ್ಧಕ್ಕೆ ಹೋಗಿ ಬಂದವರು, ಎಲ್ಲರದ್ದೂ ರಿಪೇರಿಗೆ ಬರ್ತಿತ್ತು. ಉಜ್ಜಬೇಡಿ ಅಂತ ದಾರದಲ್ಲಿ ಕಟ್ಟಿ ಕಳಿಸ್ತಿದ್ದರು. ಚೀಟಿ ಇದ್ದದ್ದನ್ನ ಮೂವತ್ತೆಂಟು ವರ್ಷದಲ್ಲಿ ನಾನು ಒಂದನ್ನೂ ಮುಟ್ಟಿಲ್ಲ. ಮೇಸ್ತ್ರಿ ಬಂದು ಹೇಳಿದರೂ ಮುಟ್ಟಿಲ್ಲ. ಚೀಟಿ ಇಲ್ಲದ್ದನ್ನ ಉಜ್ಜದೆ ಬಾಗಿಲು ದಾಟಿಸಿಲ್ಲ. ನಾನು ಎಲ್ಲಾ ಏಳನ್ನೂ ತಿರುಗಿಸಿ ನೋಡಿದೆ. ಚೀಟಿ ಇತ್ತಾ? ನೀನೇ ಹೇಳು."

ಚೀಟಿ ನನ್ನ ಬ್ಯಾಗಿನಲ್ಲಿತ್ತು, ಪ್ಲಾಸ್ಟಿಕ್ ಹಾಳೆಯೊಳಗೆ, ಒಂದು ಮಡಿಕೆಯೂ ಇಲ್ಲದೆ.

"ಕೇಳಬಹುದಿತ್ತಲ್ಲ ನನ್ನ!" ಎಂದು ಕಿರುಚಿದೆ.

"ನೀನು ಹೇಳಬಹುದಿತ್ತಲ್ಲ. ಎಂಟು ವರ್ಷದಿಂದ ನನ್ನ ಮೇಜಿನ ಮೇಲೆ ಹರಡಿಕೊಂಡು ಕೂರ್ತೀಯ. ಹಾಳು ಅಂತ ಒಂದು ದಿನ ಹೇಳಿದೆಯಾ? ಒಳಗೊಳಗೇ ನಗ್ತಿದ್ದೆ ಅನ್ನು." ಅವಳು ಮೂಗು ಒರೆಸಿಕೊಂಡ ಸದ್ದು. "ಬ್ರೆಡ್ಡಿನೊಳಗೆ ಸಾಸೇಜಿಟ್ಟು ಕಟ್ಟಿದ್ದೀನಿ. ತಿಂದರೆ ತಿನ್ನು, ಬಿಟ್ಟರೆ ಬಿಡು."

ಫೋನಿಟ್ಟಳು. ಗೂಡಿನ ಬಾಗಿಲಿಗೆ ಒದ್ದೆ. ಅದು ಗಟ್ಟಿಯಾಗಿತ್ತು, ಕಾಲು ನೋವಾಯಿತು.

ಪ್ಲಾಟ್‌ಫಾರಮ್ಮಿನಲ್ಲಿ ಬೆರ್ತ್ರಾನ್ ಕಾಯುತ್ತಿದ್ದ. ಲಿಯೋನಿನ ಹಲ್ಲಿನ ಡಾಕ್ಟರು, ನಮ್ಮ ಬಳಗದಲ್ಲಿ ದುಡ್ಡಿರುವವನು. ಸಭೆಗೆ ಜೊತೆಯಲ್ಲಿ ಹೋಗುವುದೆಂದು ಮಾತಾಗಿತ್ತು. ರೈಲು ಹತ್ತಿ ಕೂತ ಮೇಲೆ ಸುರುಳಿ ಬಿಚ್ಚಿ ಅವನ ತೊಡೆಗೆ ಎಸೆದೆ. ಅವನು ಒಂದು ನೋಡಿದ, ಎರಡು ನೋಡಿದ, ನಕ್ಕ.

"ಏನಪ್ಪಾ ಇದು? ಸಿಪ್ಪೆ ತೆಗೆದ ಆಲೂಗಡ್ಡೆ! ಯಾರು ಆ ಮಹಾನುಭಾವರು?"

"ನಮ್ಮತ್ತೆ."

"ಮುದುಕಿ ಕೈಗೆ ಬೆಂಕಿಪೊಟ್ಟಣ ಕೊಟ್ಟ ಹಾಗಾಯಿತಲ್ಲೋ. ತಲೆ ಸರಿಯಿದೆಯಾ ಅವರಿಗೆ?"

ಅದನ್ನೇ ನಾನು ಅರ್ಧ ಗಂಟೆಯ ಹಿಂದೆ ಕಿರುಚಿದ್ದೆ. ಅವನ ಬಾಯಲ್ಲಿ ಕೇಳಿದಾಗ ಅವನ ಹಲ್ಲು ಉದುರಿಸಬೇಕೆನಿಸಿತು.

"ಡಾಕ್ಟ್ರೇ, ನೀವು ಹೋದ ವರ್ಷ ಎದೆ ತಟ್ಟಿ ತೋರಿಸಿದಿರಲ್ಲ ಒಂದು ವಾಚು, ಅಂಚು ಬ್ಲೇಡಿನ ಹಾಗಿದೆ ಅಂತ. ಕಾರ್ಖಾನೆಯಲ್ಲಿ ಆ ಅಂಚಿಗೆ ಹರಿತ ಕೊಟ್ಟವಳೂ ಅವಳೇ. ಬಾಯಿಗೆ ಬಂದದ್ದು ಆಡಬೇಡಿ."

"ಸರಿಯಪ್ಪ, ಸರಿ. ಕೋಪ ಯಾಕೆ." ಅವನು ಮುಳುಗುಗಾರನ ವಾಚನ್ನು ಮಗುಚಿದ. ಎಸ್ಪೋಸಿತೊನ ಕತೆ ಅವನಿಗೆ ಗೊತ್ತಿತ್ತು. ಶಿಳ್ಳೆ ಹಾಕಿದ. "ಇದರಲ್ಲೇ ಅಲ್ವಾ ಗೆರೆಗಳಿದ್ದದ್ದು? ಇದಕ್ಕೇನು ತಲೆ ಕೆಡಿಸಿಕೊಳ್ತೀಯ. ಮತ್ತೆ ಎಳೆದುಬಿಡು."

"ಏನು?"

"ಅರ ಇದೆಯಲ್ಲ ನಿನ್ನ ಸಲಕರಣೆ ಪೆಟ್ಟಿಗೆಯಲ್ಲಿ. ಎಳಿ. ಸ್ವಲ್ಪ ಸಿಗರೇಟು ಬೂದಿ ಒತ್ತು, ಎಣ್ಣೆ ಸವರು, ಹಳೇ ಗೆರೆ ಹಾಗೇ ಕಾಣುತ್ತೆ. ಅವಳು ನೋಡಿದ್ದು ಏಳು ವರ್ಷದವಳಿದ್ದಾಗ. ಇಪ್ಪತ್ತೇಳು ವರ್ಷ ಆಯಿತು. ಅವಳೂ ಖುಷಿ, ನೀನೂ ಖುಷಿ."

ಇದು ಅವನು ಹೇಳುವ ಮೊದಲೇ ನನ್ನ ತಲೆಗೆ ಬಂದಿತ್ತು. ಅವನ ಮೇಲೆ ಇನ್ನಷ್ಟು ಸಿಟ್ಟು ಬಂದದ್ದು ಅದಕ್ಕೇ. ಪೆಟ್ಟಿಗೆ ತೆರೆದು ಸಣ್ಣ ಅರವನ್ನು ಕೈಗೆ ತೆಗೆದುಕೊಂಡೂ ಬಿಟ್ಟೆ. ಒಂದು ಗೆರೆ ಎಳೆಯಲು ತುದಿಯನ್ನು ಊರಿದೆ ಕೂಡ.

"ಎಷ್ಟಿದ್ದವು?" ಎಂದು ಕೇಳಿದ ಬೆರ್ತ್ರಾನ್.

ನನಗೆ ಗೊತ್ತಿರಲಿಲ್ಲ. ಎರಡು ವರ್ಷ ಆ ವಾಚು ನನ್ನ ಹತ್ತಿರ ಇತ್ತು. ನಿಮಿಷದ ಮುಳ್ಳಿನ ತುದಿಯಲ್ಲಿ ಬಣ್ಣ ಎದ್ದಿರುವ ಜಾಗ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಎಷ್ಟಿವೆ ಎಂದು ಬರೆಯಬೇಡಿ ಎಂದು ಅವಳು ಪತ್ರ ಬರೆದ ಮೇಲೂ, ಹಾಗಾದರೆ ಎಷ್ಟಿರಬಹುದು ಎಂದು ಒಂದು ಸಲ ತಿರುಗಿಸಿ ಎಣಿಸಲಿಲ್ಲ. ಮೂವತ್ತೋ, ಐವತ್ತೋ. ಗೀರುಗಳಿವೆ.

ಅರವನ್ನು ಪೆಟ್ಟಿಗೆಗೆ ಹಾಕಿದೆ. ಒಳ್ಳೆಯತನದಿಂದಲ್ಲ, ಲೆಕ್ಕ ಗೊತ್ತಿಲ್ಲದ್ದರಿಂದ.

"ಹಾಗಾದರೆ ಹೋಗಲೇ ಬೇಡ" ಎಂದ ಬೆರ್ತ್ರಾನ್, ಪತ್ರಿಕೆ ಬಿಡಿಸುತ್ತ. "ಕಾಯಿಲೆ ಅಂತ ಒಂದು ಕಾರ್ಡು ಹಾಕು."

ಮಾರ್ಸೇ ನಿಲ್ದಾಣದ ದೊಡ್ಡ ಮೆಟ್ಟಿಲುಗಳ ಮೇಲೆ ಅವನನ್ನು ಬಿಟ್ಟೆ. ಎರಡು ಬಸ್ಸು ಬದಲಿಸಿ ಲೆ ಗೂದ್ ತಲುಪುವಾಗ ಐದೂವರೆ. ಬಿಳಿ ಬಂಡೆ, ಬಂಡೆಯ ಬುಡದಲ್ಲಿ ಶೆಡ್ಡುಗಳಂಥ ಮನೆಗಳು, ದೋಣಿಗಳು. ಜಿನೆತ್ ತನ್ನನ್ನು ಬಂದರಿನ ಹತ್ತಿರ ಪಿಜ್ಜಾ ಮಾರುವ ವ್ಯಾನಿನಲ್ಲಿ ಹುಡುಕಿ ಎಂದು ಬರೆದಿದ್ದಳು. ದಾರಿಯಲ್ಲೇ ಸಿಕ್ಕಿತು. ಒಳಗೆ ಮೊಣಕೈ ತನಕ ಹಿಟ್ಟು ಮೆತ್ತಿದ, ಗಿಡ್ಡ ಕೂದಲಿನ, ಗಟ್ಟಿ ಹೆಂಗಸು. ಮುಂದೆ ಮೂರ್ನಾಲ್ಕು ಜನ ಸಾಲಿನಲ್ಲಿದ್ದರು.

"ಏನು ಬೇಕ್ರೀ? ಚೀಸಾ, ಆಂಚೊವಿ ಮೀನಾ?"

"ನಾನು ಬೆಸಾನ್ಸೋನಿನಿಂದ..."

ಅವಳ ಕೈ ನಿಂತಿತು. ಸಾಲಿನವರ ಕಡೆ ತಿರುಗಿ, "ಐದು ನಿಮಿಷ ಯಾರೂ ಉಸಿರೆತ್ತಬೇಡಿ" ಎಂದಳು.

"ನನ್ನದು ಒಲೆಯಲ್ಲಿದೆಯಲ್ಲೇ ಜಿನೆತ್, ಸುಡುತ್ತೆ!" ಎಂದ ಬರ್ಮುಡಾ ಹಾಕಿದ ಒಬ್ಬ ಮುದುಕ.

"ಸುಡಲಿ. ನಿನಗೆ ಹಲ್ಲೆಲ್ಲಿದೆ ತಿನ್ನೋಕೆ." ಅವಳು ಬಟ್ಟೆಗೆ ಕೈ ಒರೆಸಿಕೊಂಡು ವ್ಯಾನಿನ ಹಿಂದಿನ ಬಾಗಿಲಿನಿಂದ ಇಳಿದಳು. ಕೈ ಚಾಚಿದಳು. ನಮಸ್ಕಾರ, ಹೇಗಿದ್ದೀರಿ ಒಂದೂ ಇಲ್ಲ.

ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡ ಮಾತೊಂದಿತ್ತು. ಅದನ್ನು ಹೇಳುವ ಮೊದಲೇ ವಾಚು ಅವಳ ಕೈಗೆ ಹೋಗಿತ್ತು. ಅವಳು ಮುಖದ ಕಡೆ ನೋಡಲೂ ಇಲ್ಲ, ನೇರವಾಗಿ ಮಗುಚಿದಳು. ಹೆಬ್ಬೆರಳನ್ನು ಅದರ ಮೇಲೆ ಎಳೆದಳು. ಕನ್ನಡಿಯ ಮೇಲೆ ಹಿಟ್ಟಿನ ಒಂದು ಪಟ್ಟೆ ಬಿತ್ತು. ಅಂಗಿಗೆ ಉಜ್ಜಿ ಮತ್ತೆ ಎಳೆದಳು.

"ಇದಲ್ಲ" ಎಂದಳು.

"ಇದೇ ಮೇಡಂ."

"ಇದರಲ್ಲಿ ಏನೂ ಇಲ್ಲ."

"ಇತ್ತು. ಮೊನ್ನೆಯ ತನಕ ಇತ್ತು. ನಮ್ಮತ್ತೆ ಕಾರ್ಖಾನೆಯಲ್ಲಿ ಪಾಲಿಶ್ ಮಾಡ್ತಿದ್ದವಳು. ನನಗೆ ಗೊತ್ತಿಲ್ಲದ ಹಾಗೆ..." ಅಲ್ಲಿಗೆ ನಿಲ್ಲಿಸಿದೆ. ಆ ವಾಕ್ಯ ಹೋಗುತ್ತಿದ್ದ ದಾರಿ ನನಗೇ ಕಾಣಿಸಿತು. "ಅವಳದ್ದಲ್ಲ ತಪ್ಪು. ಇದಕ್ಕೆ ಒಂದು ಚೀಟಿ ಕಟ್ಟಿತ್ತು. ಅದನ್ನ ಬಿಚ್ಚಿದವನು ನಾನು."

ಪ್ಲಾಸ್ಟಿಕ್ ಹಾಳೆ ತೆಗೆದು ಕೊಟ್ಟೆ. ಅವಳು ಓದಿದಳು. ಕೆಳಗಿನ ಎರಡು ಗೆರೆಯ ಮೇಲೆ ಕಣ್ಣು ನಿಂತಿತು.

"ಅಮ್ಮನ ಅಕ್ಷರ" ಎಂದಳು. "ವಾಚು ನಿಧಾನ ಓಡುತ್ತೆ ಅಂತ ಕಳಿಸಿದವಳು ಅವಳೇ. ಅಪ್ಪ ಬೇಡ ಅಂದಿದ್ದ. ಹತ್ತು ದಿನಕ್ಕೆ ಯಾರದ್ದೋ ಎರವಲು ವಾಚು ಕಟ್ಟಿಕೊಂಡು ಇಳಿದ. ಅದನ್ನ ಕಳಿಸಿದ್ದಕ್ಕೇ ಅವನು ಬರಲಿಲ್ಲ ಅಂತ ಅಮ್ಮ ಸಾಯೋವರೆಗೂ ನಂಬಿದ್ದಳು. ಒಂದು ಪತ್ರ ಬರೆದು ತರಿಸಲಿಲ್ಲ. ನಾನು ದೊಡ್ಡವಳಾಗಿ ಬರೆಯೋ ಹೊತ್ತಿಗೆ ನಿಮ್ಮ ಕಾರ್ಖಾನೆ ಮುಚ್ಚಿತ್ತು." ಹಾಳೆಯನ್ನು ನನ್ನ ಎದೆಗೆ ಒತ್ತಿದಳು. "ತಗೋ. ಅಮ್ಮನ ಅಕ್ಷರ ನನ್ನ ಹತ್ತಿರ ಡಬ್ಬಿ ತುಂಬ ಇದೆ."

'ರೀ' ಹೋಗಿತ್ತು.

"ಎಷ್ಟು ದಿನ ಇತ್ತು ಇದು ನಿನ್ನ ಹತ್ತಿರ?"

"ಎರಡು ವರ್ಷ."

"ಎಷ್ಟಿದ್ದವು?"

"ಮೂವತ್ತೋ... ನಲವತ್ತೋ. ಎಣಿಸಿರಲಿಲ್ಲ."

"ಎರಡು ವರ್ಷದಲ್ಲಿ?"

"ಇಲ್ಲ."

"ಒಳಗೆ ಏನೋ ನಂಬರಿರುತ್ತಲ್ಲ ಇವುಕ್ಕೆ. ಅದು ಗೊತ್ತಾ ನಿನಗೆ?"

"ಹನ್ನೆರಡು ಸಾವಿರದ ನಾನೂರ ಆರು" ಎಂದೆ. ತಡೆಯುವ ಮೊದಲೇ ಬಾಯಿಂದ ಬಿದ್ದಿತ್ತು.

ಅವಳು ನಕ್ಕಳು. ಆ ನಗೆಗಿಂತ ಕಪಾಳಕ್ಕೆ ಬಾರಿಸಿದ್ದರೆ ವಾಸಿಯಿತ್ತು.

"ಅದನ್ನ ಕಲಿತಿದ್ದೀಯ. ಭೇಷ್. ನಾನು ಎಣಿಸೋಕೆ ಕಲಿತದ್ದೇ ಇದರ ಮೇಲೆ, ಗೊತ್ತಾ? ಶಾಲೆಯಲ್ಲಲ್ಲ. ಅಪ್ಪನ ಮಡಿಲಲ್ಲಿ ಕೂತು, ಉಗುರು ಇಟ್ಟು ಒಂದೊಂದೇ ಗೆರೆ. ಇಪ್ಪತ್ತಾದ ಮೇಲೆ ಅವನಿಗೇ ತಪ್ಪುತ್ತಿತ್ತು, ನಾನು ಹೇಳಿಕೊಡ್ತಿದ್ದೆ. ಮೂವತ್ತೇಳು ಎಳೆದಿದ್ದ. ಒಂದಿನ ಅವನು ಊಟ ಮಾಡಿ ಮಲಗಿದ್ದಾಗ ನಾನೇ ಅರ ತಗೊಂಡು ಒಂದು ಎಳೆದೆ. ಜಾರಿ ಸೊಟ್ಟಗಾಯಿತು. ಎದ್ದು ನೋಡಿ ಕಪಾಳಕ್ಕೆ ಹೊಡೆದ. ಆಮೇಲೆ ಮಡಿಲಿಗೆ ಎಳೆದುಕೊಂಡು, ಇನ್ನು ಎಣಿಸುವಾಗ ಇದನ್ನೂ ಸೇರಿಸು ಅಂದ."

"ಜಿನೆತ್! ಹೊಗೆ ಬರ್ತಿದೆ ನೋಡೇ!" ಎಂದು ಮುದುಕ ವ್ಯಾನಿನ ಆ ಕಡೆಯಿಂದ ಕೂಗಿದ.

"ಬರಲಿ ಅಂದೆನಲ್ಲ!" ಎಂದು ಅವಳೂ ಕೂಗಿದಳು.

"ವಾಚು ನೀವೇ ಇಟ್ಟುಕೊಳ್ಳಿ ಮೇಡಂ" ಎಂದೆ. "ದುಡ್ಡೇನೂ ಬೇಡ."

"ಇದನ್ನ ಇಟ್ಟುಕೊಂಡು ಏನು ಮಾಡಲಿ? ತಲೆ ಬಾಚಿಕೊಳ್ಳಲಾ ಇದರಲ್ಲಿ ನೋಡಿಕೊಂಡು?" ಅವಳು ಅದನ್ನು ನನ್ನ ಅಂಗೈಗೆ ಹಾಕಿ ನನ್ನ ಬೆರಳುಗಳನ್ನು ತಾನೇ ಮಡಚಿದಳು. ಕೈ ಬಿಸಿಯಾಗಿತ್ತು, ಗಟ್ಟಿಯಾಗಿತ್ತು. "ನಿಮ್ಮತ್ತೆಗೆ ಹೇಳು, ಕೆಲಸ ಅಚ್ಚುಕಟ್ಟಾಗಿದೆ ಅಂತ. ನಿಜವಾಗಲೂ ಹೇಳು. ನಿನಗೆ ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ. ಇನ್ನು ಬರೆಯಬೇಡ ನನಗೆ."

ವ್ಯಾನ್ ಹತ್ತಿದಳು. ಕರಕಲಾದ ಪಿಜ್ಜಾವನ್ನು ಸಲಿಕೆಯಲ್ಲಿ ಎತ್ತಿ ಕಸದ ಡಬ್ಬಿಗೆ ಬಿಸಾಕಿ, ಹೊಸದಕ್ಕೆ ಹಿಟ್ಟನ್ನು ಹಲಗೆಗೆ ಬಡಿಯತೊಡಗಿದಳು. ಆ ಬಡಿತ ಬಸ್ ನಿಲ್ದಾಣದ ತನಕ ಕೇಳಿಸುತ್ತಿತ್ತು.

ಭಾನುವಾರ ಸಭೆಗೆ ಹೋಗಲಿಲ್ಲ. ಬೆಳಗಿನ ಮೊದಲ ಗಾಡಿಗೆ ಹತ್ತಿದೆ. ಎಂಟಕ್ಕೆ ಯಾವುದಕ್ಕೂ ಕೀ ಕೊಡಲಿಲ್ಲ. ಸಾಸೇಜಿನ ಬ್ರೆಡ್ಡು ಒಣಗಿತ್ತು, ಅದನ್ನೇ ತಿಂದೆ. ಮನೆಯಲ್ಲಿ ಅತ್ತೆ ಬಾಗಿಲು ತೆರೆಯುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ತೆರೆದರೆ ಮೊದಲು ಏನು ಹೇಳಬೇಕೆಂದೂ ಗೊತ್ತಿರಲಿಲ್ಲ. ಜಿನೆತ್ ಹೇಳಿ ಕಳಿಸಿದ್ದನ್ನಂತೂ ಹೇಳಲಾರೆ. ಹೇಳದೆ ಇರುವುದೂ ಆಗುವುದಿಲ್ಲ. ಹೇಳದೇ ಇದ್ದು ಆದದ್ದು ಹೊಟ್ಟೆಗೆ ಕಟ್ಟಿಕೊಂಡ ಸುರುಳಿಯಲ್ಲಿತ್ತು.

ಟಿಪ್ಪಣಿ ಪುಸ್ತಕ ತೆಗೆದು ಆ ವಾಚಿನ ಪುಟ ತೆರೆದೆ. ಯಂತ್ರದ ನಂಬರು ಸರಿಯಿತ್ತು. ಗಾಜಿನ ದಪ್ಪ ಸರಿಯಿತ್ತು. 'ಹಿಂಬದಿ' ಎಂಬಲ್ಲಿ 'ಗೀರುಗಳಿವೆ' ಎಂಬುದನ್ನು ಹೊಡೆದುಹಾಕಿ, ಹೋದದ್ದನ್ನು ಬರೆದೆ.

ನೇರ ಗೆರೆ ಮೂವತ್ತೇಳು. ಸೊಟ್ಟ ಗೆರೆ ಒಂದು.